ಬಂಡೆಯ ಆಚೆಗಿನ ಆಮೆ

"ಹೆಣ್ಣು ನೋಡ್ಲಾಕ ಹೋಗಿದ್ದು ಈ ಗುರ್ಯಾನ ಸಲುವಾಗೇ ರೀ, ಖರೇ ಹೇಳ್ತೀನಿ. ಉಪ್ಪಿಟ್ಟು ತಿಂದೆ, ಚಹಾ ಕುಡಿದೆ, ಹುಡುಗಿ ಮಾರಿ ನೋಡಿದೆ. ಆಮ್ಯಾಲ ಇವನ ಹೆಸರೇ ಮರ್ತುಹೋಯ್ತು ನೋಡ್ರಿ!"

ಕಲ್ಯಾಣಪ್ಪ ತೊಡೆ ತಟ್ಟಿಕೊಂಡು ನಕ್ಕ. ದೋಣಿಯಲ್ಲಿದ್ದ ಕಲಬುರಗಿಯ ಮಂದಿಯೆಲ್ಲ ನಕ್ಕರು.

"ಸಾಕು ಬಿಡೋ ಮಾಮಾ," ಎಂದ ಗುರುಪ್ರಸಾದ, ತಾನೂ ನಗುತ್ತ.

"ಯಾಕ್ ಬಿಡ್ಲಿ? ಹೆಣ್ತಿ ಆಗಬೇಕಾದಾಕಿಗಿ ಈಗ ಅತ್ತಿ, ಅತ್ತಿ ಅಂತಾನ್ರಿ ಇಂವ. ಅಕಿ ಕೈಲೇ ರೊಟ್ಟಿ ಬಡಿಸ್ಕೊಂಡು ತಿಂತಾನ!"

ಮತ್ತೆ ನಗು. ಅಂಡಮಾನಿನ ಸಮುದ್ರ ಅವತ್ತು ಕೈಯಲ್ಲಿ ಎತ್ತಿ ಕುಡಿಯಬೇಕು ಅನ್ನುವಷ್ಟು ತಿಳಿಯಾಗಿತ್ತು. ಗುರುಪ್ರಸಾದ ಅದರ ತಳವನ್ನೇ ನೋಡುತ್ತ ಕೂತ. ಸೋದರಮಾವನ ಬಾಯೊಳಗೆ ಈ ನೀರು ತುಂಬಿದರೆ ಆ ನಗು ಹ್ಯಾಗೆ ಕೇಳಿಸೀತು ಎಂದು ಅವನು ಎಷ್ಟೋ ದಿನದಿಂದ ಯೋಚಿಸಿದ್ದ. ಕೇಳಿಸುವುದಿಲ್ಲ. ನೀರಿನೊಳಗೆ ಯಾರ ನಗೆಯೂ ಕೇಳಿಸುವುದಿಲ್ಲ.

ಈ ಕತೆಯನ್ನು ಮಾಮ ಹೇಳದ ಜಾಗವೇ ಉಳಿದಿರಲಿಲ್ಲ. ಮದುವೆ ಮನೆಯಲ್ಲಿ ಹೇಳಿದ್ದ, ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಯ ಗೊನೆ ಇಳಿಸುತ್ತ ಹೇಳಿದ್ದ. ಕಲಬುರಗಿಯಲ್ಲಿ ಗುರುಪ್ರಸಾದನ ಟೂರಿನ ಅಂಗಡಿಗೆ ಬಂದು, ಎದುರಿಗೆ ಕೂತ ಗಿರಾಕಿಗೂ ಹೇಳಿದ್ದ. ಹೇಳುವಾಗಲೆಲ್ಲ ಆ ಹುಡುಗಿ, ಈಗ ಮಾಮನ ಹೆಂಡತಿಯಾದ ಸುನಂದಾ, ತಲೆ ತಗ್ಗಿಸಿ ತಾಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ತಗ್ಗಿದ ತಲೆ ತನಗಾಗಿಯೇ ತಗ್ಗಿದ್ದು ಎಂದು ಗುರುಪ್ರಸಾದ ನಂಬಿದ್ದ. ಮಾಮ ಇಲ್ಲದ ಮನೆಯಲ್ಲಿ ಆಕೆ ತಲೆಯೆತ್ತಿ ತನ್ನನ್ನು ನೋಡುತ್ತಾಳೆ. ಅವನಿಗೆ ಬೇಕಾಗಿದ್ದು ಅಷ್ಟೇ.

ಮನೆಯಲ್ಲಿ ಕೊಂದರೆ ಸಿಕ್ಕಿಬೀಳುತ್ತಾರೆ. ಹೊಲದಲ್ಲಿ ಕೊಂದರೂ ಅಷ್ಟೇ. ಸಮುದ್ರದಲ್ಲಿ ಮಾತ್ರ ಮನುಷ್ಯ ತಾನಾಗಿಯೇ ಸಾಯುತ್ತಾನೆ. ಈ ದ್ವೀಪಗಳಿಗೆ ಗುರುಪ್ರಸಾದ ಎಷ್ಟೋ ಪಾರ್ಟಿ ಕರೆತಂದಿದ್ದ. ಕೊಳವೆ ಕಚ್ಚಿಕೊಂಡು ಕವುಚಿ ತೇಲುತ್ತ ಮೀನು ನೋಡುವುದು ಎಲ್ಲಿ, ಬುತ್ತಿ ಬಿಚ್ಚುವುದು ಎಲ್ಲಿ, ಬೋಟಿನ ಹುಡುಗರು ಯಾವಾಗ ಮೈಮರೆತು ಬೀಡಿ ಹಚ್ಚುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಕೊನೆಯ ದ್ವೀಪದ ಮಗ್ಗುಲಿಗೆ ಒಂದು ಕರಿಬಂಡೆ. ಅದರ ಈಚೆಗೆ ಸೊಂಟದ ನೀರು, ಆಚೆಗೆ ಆಳ, ಸೆಳವು, ಗರಗಸದಂಥ ಹವಳದ ಕಲ್ಲು. ಆ ಕಡೆ ಯಾರೂ ಸುಳಿಯುವುದಿಲ್ಲ.

ಆ ದ್ವೀಪದಲ್ಲಿ ಊಟದ ಹೊತ್ತಿಗೆ ಗುರುಪ್ರಸಾದ ಹೊಟ್ಟೆ ತೊಳಸುತ್ತದೆ ಎಂದ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿ ಎಲ್ಲರಿಗೂ ಹಂಚಿ, ತಾನು ದೂರದ ಮರದ ಬುಡಕ್ಕೆ ಟವೆಲ್ ಹಾಸಿ ಮಲಗಿದ. ಹೋಗುವ ಮುಂಚೆ ಮಾಮನ ಕಿವಿಯಲ್ಲಿ ಒಂದು ಮಾತು ಹಾಕಿದ್ದ. ಬಂಡೆಯ ಆಚೆಗೆ ಆಮೆ ಅದ, ಎತ್ತಿನ ಬಂಡಿ ಗಾಲಿಯಷ್ಟು ದೊಡ್ಡದು, ಮಂದಿಗೆ ಹೇಳಿದರೆ ಗದ್ದಲ ಮಾಡಿ ಓಡಿಸುತ್ತಾರೆ, ನೀ ಒಬ್ಬನೇ ಬಾ.

ಮಂದಿ ಉಣ್ಣುವುದರಲ್ಲಿ ಮೈಮರೆತಾಗ ಗುರುಪ್ರಸಾದ ಮರದ ಹಿಂದಿನಿಂದ ಜಾರಿ ಬಂಡೆಯ ಹತ್ತಿರ ಹೋದ. ಕಲ್ಯಾಣಪ್ಪ ಕೂಸಿನ ಹಾಗೆ ಬಂದ. ಎಂಥದ್ದಾದರೂ ಹೊಸದು ಕಂಡು ಊರಿಗೆ ಹೋಗಿ ಹೇಳಬೇಕು, ಅದು ಅವನ ಚಟ.

"ಜಾಕೆಟ್ ತೆಗಿ ಮಾಮಾ. ಅದು ಮ್ಯಾಲೇ ಎತ್ತತದ, ಮುಳುಗ್ಲಾಕ ಬಿಡಲ್ಲ. ಬಾವ್ಯಾಗ ಈಜಿದಾಂವಗ ಇದ್ಯಾಕ ಬೇಕು?"

"ಹೌದಲ್ಲೋ, ನಿನಗ ಈಜು ಕಲಿಸಿದಾಂವನೇ ನಾನು!"

ಜಾಕೆಟ್ ಬಿಚ್ಚಿ ತಾನೇ ಬಂಡೆಯ ಮೇಲಿಟ್ಟ. ನಾಳೆ ಯಾರು ನೋಡಿದರೂ, ಸೊಕ್ಕಿನ ಮನುಷ್ಯ ತಾನೇ ಬಿಚ್ಚಿಟ್ಟು ಹೋದ ಅನ್ನಬೇಕು. ಅಲ್ಲಿಯವರೆಗೆ ಎಲ್ಲವೂ ಎಣಿಸಿದ ಹಾಗೇ ನಡೆದಿತ್ತು.

ಗುರುಪ್ರಸಾದ ಕೆಳಗಿನಿಂದ ಬಂದು ಅವನ ಎರಡೂ ಕಾಲು ಹಿಡಿದು ಎಳೆದ. ಮಾಮ ಮೊದಲು ನಕ್ಕ; ಮಾಸ್ಕಿನ ಗಾಜಿನೊಳಗೆ ಕಣ್ಣು ಅರಳಿದ್ದು ಕಾಣಿಸಿತು. ಕಮಲಾಪುರದ ಬಾವಿಯಲ್ಲಿ ಮಾಮ ಅಳಿಯ ಇಬ್ಬರೂ ಆಡುತ್ತಿದ್ದ ಆಟ ಅದು. ಆಮೇಲೆ ಗುರುಪ್ರಸಾದ ಮಾಮನ ಬಾಯಿಂದ ಕೊಳವೆ ಕಿತ್ತ. ಮಾಮನ ಮೊಣಕೈ ಅವನ ಮೂಗಿಗೆ ಬಡಿಯಿತು. ಗುರುಪ್ರಸಾದ ಅವನ ಜುಟ್ಟು ಹಿಡಿದು ಮುಖವನ್ನು ಹವಳದ ಕಲ್ಲಿಗೆ ಒಂದು ಸಲ ತಿಕ್ಕಿದ, ಇನ್ನೊಂದು ಸಲ ಅಪ್ಪಳಿಸಿದ. ನೀರಿನೊಳಗೆ ನೆತ್ತರು ಕೆಂಪಗಿರುವುದಿಲ್ಲ, ಕಪ್ಪು ಹೊಗೆಯ ಹಾಗೆ ಏಳುತ್ತದೆ. ಅದರೊಳಗೆ ಹಳದಿ ಪಟ್ಟೆಯ ಮೀನುಗಳು ಬಂದು ಸೇರಿದವು.

ಆಗಲೇ ಮಾಮನ ಕೊರಳಿನ ಶಿವದಾರ ಹರಿಯಿತು. ಮಾಮನ ಬನಿಯನ್ನಿನೊಳಗಿಂದ ಲಿಂಗದ ಕರಡಿಗೆ, ಬೆಳ್ಳಿಯದು, ಜಾರಿ ಕೆಳಗಿಳಿಯತೊಡಗಿತು. ಗುರುಪ್ರಸಾದ ಯೋಚಿಸಲಿಲ್ಲ. ಲಿಂಗ ನೆಲಕ್ಕೆ ಬೀಳಬಾರದು. ಅವನಿಗೆ ಅವ್ವ ಮೊದಲು ಕಲಿಸಿದ್ದೇ ಅದು. ಮಾಮನ ಜುಟ್ಟು ಬಿಟ್ಟು ಎಡಗೈಯಿಂದ ಅದನ್ನು ಹಿಡಿದ. ಅಷ್ಟರಲ್ಲಿ ಕಲ್ಯಾಣಪ್ಪ ಮೇಲೆ ಬಂದು "ಗುರ್ಯಾ!" ಎಂದು ಒಂದೇ ಉಸಿರು ತಗೊಂಡ. ಗುರುಪ್ರಸಾದ ಬಲಗೈಯಿಂದ ಮತ್ತೆ ಅದುಮಿದ. ಎಡಗೈ ನೀರಿನ ಮೇಲೆ, ಎತ್ತರದಲ್ಲಿ, ಲಿಂಗ ಹಿಡಿದುಕೊಂಡು ಹಾಗೇ ಇತ್ತು, ಬಲಗೈಯ ಕೆಳಗೆ ಒದ್ದಾಟ ನಿಲ್ಲುವ ತನಕ.

ಮರದ ಬುಡಕ್ಕೆ ಮರಳಿ ಬಂದು ಮಲಗಿದ್ದ ಅವನನ್ನು ಎಬ್ಬಿಸಿ "ಕಲ್ಯಾಣಪ್ಪ ಎಲ್ಲಿ?" ಎಂದು ಕೇಳಿದಾಗ ಅವನ ಮೈ ಒದ್ದೆಯಿತ್ತು. ಆ ದಿನ ಒದ್ದೆಯಿರದವರು ಯಾರಿದ್ದರು? ಹೆಣ ಸಂಜೆಗೆ ಸಿಕ್ಕಿತು. ಬಂಡೆಯ ಮೇಲಿನ ಜಾಕೆಟ್ ನೋಡಿ ಪೊಲೀಸರು ತಲೆಯಾಡಿಸಿದರು, ಮುಖದ ಗಾಯ ನೋಡಿ ಡಾಕ್ಟರು ಹವಳದ ಕಲ್ಲು ಎಂದರು. ಊಟಕ್ಕೆ ಕೂತ ಮೇಲೆ ಮಾಮನ ಮುಖ ನಾನು ನೋಡಿಲ್ಲ ಎಂದು ಗುರುಪ್ರಸಾದ ಹೇಳಿದ. ಅತ್ತೂ ತೋರಿಸಿದ. ಮಾಮನ ಚೀಲ, ಗಡಿಯಾರ, ಫೋನು ಎಲ್ಲ ಜೋಪಾನ ಮಾಡಿ ತಂದು ಸುನಂದಾಳ ಕೈಗಿಟ್ಟ.

ಕರಡಿಗೆ ಮಾತ್ರ ಅವನ ಜೇಬಿನಲ್ಲೇ ಉಳಿಯಿತು. ಎಸೆಯಲು ನೋಡಿದ್ದ. ಬೋಟಿನ ಕಟ್ಟೆಯ ಮೇಲೆ ನಿಂತಾಗ ಕೈ ಮೇಲೇಳಲಿಲ್ಲ. ಕೊಂದ ಕೈಗೆ ಅದೊಂದು ಸಾಧ್ಯವಾಗಲಿಲ್ಲ.

ಕಮಲಾಪುರದ ಬಾಳೆತೋಟದ ಅಂಚಿಗೆ ಸಮಾಧಿಯ ಗುಣಿ ತೋಡಿದ್ದರು. ವಿಭೂತಿ ಬಳಿದು, ಹೂವಿನಲ್ಲಿ ಮುಚ್ಚಿ, ಕಲ್ಯಾಣಪ್ಪನನ್ನು ಕೂಡಿಸಿದ್ದರು. ಮಠದ ಅಯ್ಯನವರು ಹೆಣದ ಎಡಗೈ ಬಿಡಿಸಿ, "ಲಿಂಗ ಎಲ್ಲಿ ಅದ ಯವ್ವಾ?" ಎಂದರು.

"ಸಮುದ್ರದ ಪಾಲಾಗ್ಯಾದ್ರಿ ಅಯ್ನೋರೆ," ಸುನಂದಾ ಎದೆ ಬಡಿದುಕೊಂಡಳು. "ಬರಿಗೈಲೆ ಹೋಗ್ಲಾಕತ್ಯಾರ ನೋಡ್ರಿ."

"ಅಳಬ್ಯಾಡ. ಹೊಸಾದು ಇಟ್ಟು ಕಳಸ್ತೀನಿ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಗುರುಪ್ರಸಾದನಿಗೆ ಎದೆಯ ಮೇಲೆ ಆ ಜೇಬು ಸುಡುತ್ತಿತ್ತು. ಮಾತೂ ಸಿದ್ಧವಾಗಿತ್ತು, ನುಣ್ಣಗಿನ, ಒಳ್ಳೆಯ ಮಾತು. ಅವನು ಮುಂದೆ ಬಂದು ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ಅತ್ತಿ, ಅವತ್ತು ಮುಂಜಾನಿ ನೀರಿಗಿ ಇಳಿಯೂಕಿನ ಮೊದ್ಲೇ ಮಾಮಾ ಇದನ್ನ ನನ್ನ ಕೈಯಾಗ ಕೊಟ್ಟಿದ್ದ. ಎಲ್ಲರ ಬಿದ್ದೀತು, ಹಿಡ್ಕೋ ಅಂದ. ಇಡೀ ದಿನ ನನ್ನ ಹತ್ತಿರಾನೇ ಇತ್ತು. ದುಃಖದಾಗ ಕೊಡೋದೇ ಮರ್ತೆ."

ನೆರೆದ ಮಂದಿ "ಅಳಿಯಾ ಅಂದ್ರ ಹಿಂಗಿರಬೇಕು" ಎಂದರು. ಸುನಂದಾ ತಲೆಯೆತ್ತಿ ಅವನನ್ನು ನೋಡಿದಳು, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಕಣ್ಣೀರು ತುಂಬಿದ ಆ ಕಣ್ಣಲ್ಲಿ ಗುರುಪ್ರಸಾದ ತನ್ನ ಮುಂದಿನ ದಿನಗಳನ್ನೆಲ್ಲ ಕಂಡ. ಅಯ್ಯನವರು ಲಿಂಗವನ್ನು ಹೆಣದ ಅಂಗೈಯಲ್ಲಿಟ್ಟರು.

ಅಷ್ಟೊತ್ತಿಗೆ ಮೋಮಿನಪುರದ ಫುರ್ಕಾನ್, ಫ್ಲೆಕ್ಸ್ ಅಂಗಡಿಯವನು, ಹೆಗಲ ಮೇಲೆ ಸುರುಳಿ ಹೊತ್ತು ಬೆವರುತ್ತ ಬಂದ. "ಭಾಭಿ, ಫ್ಲೆಕ್ಸ್ ತಯಾರ್ ಅದ. ನೀವು ಕಳಿಸಿದ ಫೋಟೋದಾಗ ಕಡೀದೇ ಛೊಲೊ ಅನಿಸ್ತು, ಅದನ್ನೇ ಹಾಕೀನಿ. ಎಲ್ಲಿ ಕಟ್ಲಿ?"

"ಅವರ ಫೋನಿನಾಗ ಬಂದಿದ್ವು, ನಾ ನೋಡದೇ ಕಳಿಸೀನಿ. ಇಲ್ಲೇ ಕಟ್ಟಪಾ. ಎಲ್ಲಾರೂ ನೋಡ್ಲಿ."

ಎರಡು ಬಾಳೆಗಿಡಗಳ ನಡುವೆ ಸುರುಳಿ ಬಿಚ್ಚಿಕೊಂಡಿತು. ಗಿರಾಕಿ ನೀರಿಗಿಳಿದ ಕೂಡಲೇ ಕ್ಯಾಮೆರಾ ಹಿಡಿದು ಮುಳುಗಿ ಒಂದು ಫೋಟೋ ತೆಗೆಯುವುದು, ಆಮೇಲೆ ಅದನ್ನು ಅವರವರ ನಂಬರಿಗೇ ಕಳಿಸುವುದು ಬೋಟಿನ ಹುಡುಗರ ರೂಢಿ. ಅಷ್ಟೊಂದು ಪಾರ್ಟಿ ಕರೆದೊಯ್ದ ಗುರುಪ್ರಸಾದನಿಗೆ ಗೊತ್ತಿಲ್ಲದ್ದೇನಲ್ಲ, ನೆನಪಾಗಲಿಲ್ಲ ಅಷ್ಟೆ. 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಅಕ್ಷರಗಳ ಕೆಳಗೆ, ಆಳೆತ್ತರದ ನೀಲಿ ನೀರಿನೊಳಗೆ, ಮಾಸ್ಕು ಹಾಕಿದ ಕಲ್ಯಾಣಪ್ಪ ಹೆಬ್ಬೆರಳು ಎತ್ತಿದ್ದ; ಮೂಲೆಯಲ್ಲಿ ಅವನು ಸತ್ತ ದಿನದ್ದೇ ತಾರೀಖಿತ್ತು. ಬನಿಯನ್ನಿನ ಕುತ್ತಿಗೆಯಿಂದ ಹೊರಬಂದ ಬೆಳ್ಳಿ ಕರಡಿಗೆ, ಶಿವದಾರದ ಸಮೇತ, ಅವನ ಗದ್ದದ ಹತ್ತಿರ ತೇಲುತ್ತ ಫಳಫಳ ಹೊಳೆಯುತ್ತಿತ್ತು. ಅಯ್ಯನವರ ಮಂತ್ರ ನಿಂತಿತು. ಸುನಂದಾ ಫ್ಲೆಕ್ಸನ್ನು ನೋಡಿದಳು, ಹೆಣದ ಅಂಗೈಯನ್ನು ನೋಡಿದಳು. ಆಮೇಲೆ ಎದ್ದು ಬಂದು ಗುರುಪ್ರಸಾದನ ಮಣಿಕಟ್ಟು ಹಿಡಿದಳು. ಅವನು ಎಳೆದುಕೊಂಡ, ಆಕೆ ಬಿಡಲಿಲ್ಲ.