ಸ್ಟಾರು ನುಂಗಿದ ಫೋನು

“ತನೂ, ಸಾಲಿಗೆ ಹನ್ನೆರಡು ಮನೆ ಇರ್ಬೇಕು ಕಣಮ್ಮಾ. ಮೂರನೇ ಸಾಲಲ್ಲಿ ಹತ್ತೇ ಅವೆ! ನಾನು ಆಗ್ಲೇ ಮಗ್ಗ...”

ಫೋನು ಕಟ್ಟಾಯಿತು. ತಿರುಗಿ ಮಾಡಿದರೆ ಹಿಂದೂಪುರದಲ್ಲಿದ್ದ ಅಪ್ಪ ಸಿಗಲೇ ಇಲ್ಲ. ಕಲ್ಯಾಣದುರ್ಗದ ತಾತನ ಮನೆ ಜಗಲಿಯಲ್ಲಿ ಕೂತಿದ್ದ ತನುಜಾ ಮತ್ತೆ ಮತ್ತೆ ನಂಬರು ಒತ್ತಿದಳು.

ಅಪ್ಪ ನೇಯುತ್ತಿದ್ದದ್ದು ಪ್ರಮೀಳಾ ಅತ್ತೆಯ ಮದುವೆ ಸೀರೆ. ಅಂಚಿನ ತುಂಬ ಹಂಸವೇ ಬೇಕೆಂದು ಅತ್ತೆಯ ಹಟ. ಆ ಹಂಸ ಇದ್ದದ್ದು ಶಂಕರಯ್ಯ ತಾತನ ಹಳೇ ಚೌಕುಳಿ ಪುಸ್ತಕದಲ್ಲಿ ಮಾತ್ರ. ಅದರ ಒಂದೊಂದು ಚೌಕವೂ ಒಂದೊಂದು ಮನೆ. ಪೆನ್ಸಿಲ್ ಗುರುತು ಎಷ್ಟು ಮಾಸಿತ್ತೆಂದರೆ, ಫೋಟೊ ತೆಗೆದರೆ ಬರೀ ಬಿಳಿ ಹಾಳೆ!

“ನಾನು ಟೈಪ್ ಮಾಡಿ ಕಳಿಸ್ತೀನಿ. ತುಂಬಿದ ಮನೆಗೆ ಸ್ಟಾರು, ಖಾಲಿ ಮನೆಗೆ ಗೀಟು!” ಎಂದು ಜಂಬ ಕೊಚ್ಚಿದವಳು ತನುಜಾಳೇ. ಕಳಿಸಿದವಳು ತಿರುಗಿ ನೋಡಿದಳೇ? ಎಲ್ಲಿ! ಕುಂಟೆಬಿಲ್ಲೆ ಆಡಲು ಓಡಿದ್ದಳು.

ಈಗ ನೋಡಿದಳು. ಎರಡು ಸ್ಟಾರು ಮಾಯ. ನಡುವಿನ ಗೀಟುಗಳು ಮಾತ್ರ ದಪ್ಪಗೆ ಕೂತಿವೆ. ಮತ್ತೆ ಟೈಪ್ ಮಾಡಿದಳು. ಮತ್ತೆ ಅದೇ ಕತೆ.

ಪಕ್ಕದಲ್ಲೇ ಇದ್ದ ಅತ್ತೆ ಬಗ್ಗಿ ನೋಡಿದಳು. “ಅಯ್ಯೋ, ಎರಡು ಸ್ಟಾರು ಹಾಕಿದ್ರೆ ಮಧ್ಯೆ ಇರೋದನ್ನ ದಪ್ಪ ಮಾಡು ಅಂತ ಹೇಳ್ದಂಗೆ ಕಣೇ ಈ ಫೋನಿಗೆ. ದಪ್ಪ ಮಾಡಿ ಸ್ಟಾರನ್ನ ನುಂಗ್ಬುಡ್ತದೆ.”

“ಅಪ್ಪ ಹಂಗೇ ನೇಯ್ದ್ಬುಟ್ಟಿದ್ರೆ? ನಿನ್ನ ಸೀರೆ...” ತನುಜಾ ಗಳಗಳನೆ ಅತ್ತಳು.

“ಅಳಬ್ಯಾಡ ಬಂಗಾರು,” ತಾತ ಕನ್ನಡಕ ಒರೆಸಿಕೊಂಡರು. “ನಮ್ ಕಾಲದಾಗೆ ಒಬ್ರು ಓದೋರು, ಒಬ್ರು ನೇಯೋರು. ತುಂಬಿದ ಮನೆಗೆ ಎಳೆ ಎತ್ತು, ಖಾಲಿ ಮನೆಗೆ ಬಿಡು. ಎತ್ತು, ಬಿಡು, ಬಿಡು, ಎತ್ತು...”

ತನುಜಾ ಅಳು ನಿಲ್ಲಿಸಿದಳು. “ತಾತಾ! ‘ಎ’, ‘ಬಿ’ ಅಂತ ಬರೆದ್ರೆ? ಅಕ್ಷರಾನ ಫೋನು ನುಂಗಲ್ವಲ್ಲ!”

“ಸರೇ, ಬರಿ ಮತ್ತೆ.”

ತಾತ ಓದಿದರು, ಅವಳು ಒತ್ತಿದಳು. ಪ್ರತಿ ಸಾಲನ್ನೂ ಬೆರಳಿಟ್ಟು ಎಣಿಸಿದಳು. ಕಳಿಸಿದ ಮೇಲೂ ಎಣಿಸಿದಳು. ಆಟಕ್ಕೆ ಕರೆದ ಗೆಳತಿಗೆ “ಆಮೇಲೆ ಬತ್ತೀನಿ” ಅಂದಳು.

ಕೊನೆಗೂ ಫೋನು ಬಡಿದುಕೊಂಡಿತು.

“ನೇಯ್ದ್ಬುಟ್ಯಾ ಅಪ್ಪಾ?”

“ಇಲ್ಲ ಕಣಮ್ಮಾ! ಆಗ್ಲೇ ಮಗ್ಗದಿಂದ ಎದ್ದೆ ಅನ್ನೋಷ್ಟ್ರಲ್ಲಿ ಚಾರ್ಜ್ ಹೋಯ್ತು. ಎಣಿಸ್ದೆ ಎಳೆ ಎತ್ತಿದ್ರೆ ನಿಮ್ ತಾತ ನನ್ನ ಬಿಡ್ತಾರಾ? ಒಂದೆಳೆನೂ ಹಾಳಾಗಿಲ್ಲ. ಈಗ ಕಳಿಸಿದ್ದು ಸರಿಯಾಗಿ ಅದೆ.”

ಅಬ್ಬಾ! ತನುಜಾಗೆ ಹೋದ ಜೀವ ಬಂದಂತಾಯಿತು. ಅತ್ತೆ ಅವಳ ಕೆನ್ನೆ ಹಿಂಡಿದಳು.

ಅಪ್ಪ ಫೋನನ್ನು ಇಡದೆ ಮಗ್ಗಕ್ಕೆ ಕೂತರು. “ಎತ್ತು, ಬಿಡು, ಬಿಡು...” ಅಪ್ಪನ ದನಿಯ ಹಿಂದೆಯೇ ಮಗ್ಗದ ಸದ್ದು ಕೇಳಿತು. ಇಲ್ಲಿ ಕಣ್ಣು ಮುಚ್ಚಿ ಕೂತಿದ್ದ ತಾತನ ತುಟಿಯೂ ಅಲ್ಲಾಡುತ್ತಿತ್ತು.

ತನುಜಾ ಸದ್ದಿಲ್ಲದೆ ಬೆರಳು ಮಡಚುತ್ತಾ ಹೋದಳು. ಹನ್ನೆರಡು ಬಂದ ಮೇಲೆಯೇ ಮುಂದಿನ ಸಾಲಿಗೆ ಹೋದಳು.