ಹಾಡಿನ ನಡುವಿನ ಮೌನ

ಲಕೋಟೆ ಇತ್ತು. ಒಳಗಿನ ರೆಕಾರ್ಡು ಮಾತ್ರ ಮಾಯ!

ವೆಂಡೆಲ್ ಸ್ಟ್ಯಾಂಪರ್ ಕೂಡಲೇ ಪೊಲೀಸರಿಗೆ ಫೋನು ಮಾಡಿದ. ಮಧ್ಯಾಹ್ನ ಅವನ ಪುಟ್ಟ ರೇಡಿಯೋ ಕೇಂದ್ರದಿಂದಲೇ ಆ ಹಾಡು ಬಿಡುಗಡೆಯಾಗಬೇಕಿತ್ತು. ಹಾಡಿದವಳು ಇದೇ ಕೆಂಟಕಿ ಕಣಿವೆಯ ಓಮಾ ಜೀನ್ ಕೌಡಿಲ್. ಹಾಡು, ಗಣಿ ಕುಸಿದು ಸತ್ತ ಅವಳ ಅಣ್ಣನ ಕಥೆ.

"ನ್ಯಾಶ್‌ವಿಲ್ಲಿನೋರು ಆಮೇಲೆ ಕೇಳ್ಲಿ, ಮೊದ್ಲು ನಮ್ಮೂರು ಕೇಳ್ಬೇಕು. ನಾನು ಫೋನಲ್ಲೇ ಕೇಳ್ತಾ ಕೂತಿರ್ತೀನಿ," ಎಂದು, ಹಾಡುಗಾರರ ನಗರವಾದ ನ್ಯಾಶ್‌ವಿಲ್ಲಿನಿಂದ ಅವಳು ಮಾತು ತೆಗೆದುಕೊಂಡಿದ್ದಳು. ಊರಿಗೆ ಬಂದದ್ದು ಅದೊಂದೇ ಪ್ರತಿ.

ಡೆಪ್ಯುಟಿ ಶೆರಿಫ್ ಎಲ್ಬರ್ಟ್ ಸ್ಲೋನ್ ಬಂದವನೇ ತಂಬಾಕು ಅಗಿಯುತ್ತ ಕುರ್ಚಿ ತುಂಬ ಕೂತ.

"ಬೆಳಿಗ್ಗೆಯಿಂದ ಯಾರ್ಯಾರು ಬಂದಿದ್ರು?"

"ಇಬ್ರೇ. ಗಣಿ ಮ್ಯಾನೇಜರ್ ಕ್ರ್ಯಾಂಡಲ್ — ಈ ಹಾಡು ಹಾಕಿದ್ರೆ ನಮ್ಮ ಜಾಹೀರಾತು ಮರೆತುಬಿಡು ಅಂತ ಬೆದರಿಸಿ ಹೋದ. ಅವನದೇ ಕೆಲ್ಸ!"

"ಇನ್ನೊಬ್ರು?"

"ಚರ್ಚಿನ ಬ್ರದರ್ ಹೋಬರ್ಟ್. ಯಾರದೋ ಸಾವಿನ ಸುದ್ದಿ ಓದಿ ಅಂತ ಚೀಟಿ ಕೊಟ್ರು."

"ಓಮಾ ಜೀನಳ ಅಪ್ಪ?"

"ಹೌದು. ಆದ್ರೆ ಅವರಿಗ್ಯಾಕೆ ಮಾರಾಯ ರೆಕಾರ್ಡು? ಚರ್ಚಿನ ಹಿರಿಯರು, ಗಿಟಾರ್ ಅಂದ್ರೆ ಸೈತಾನ ಅನ್ನೋರು. ಅಣ್ಣನ ಗೋರಿ ಮುಂದೆ ಗಿಟಾರ್ ಹಿಡಿದು ಇದೇ ಹಾಡು ಹಾಡಿದ್ಲು ಅಂತ ಮಗಳನ್ನೇ ಮನೆಯಿಂದ ಆಚೆ ಹಾಕಿದೋರು!"

"ಹಾಡು ನೀನು ಕೇಳಿದೀಯಾ?"

"ಒಂದ್ಸಲ ಹಾಕಿ ನೋಡ್ದೆ. ಮೈ ಜುಮ್ ಅಂತು. ಆದ್ರೆ ರೆಕಾರ್ಡೇ ಕೆಟ್ಟಿತ್ತೇನೋ — ಪ್ರತಿ ಸಾಲಿಗೆ ಮುಂಚೆ ಸದ್ದೇ ಇಲ್ಲ. ಗಿಟಾರೂ ಇಲ್ಲ."

ಸ್ಲೋನನ ದವಡೆ ಅಗಿಯುವುದನ್ನು ನಿಲ್ಲಿಸಿತು. "ಆಗ ಅವರಿಬ್ರೂ ಇದ್ರಾ?"

"ಇದ್ರು. ಕ್ರ್ಯಾಂಡಲ್ ಗಡಿಯಾರ ನೋಡ್ತಿದ್ದ. ಹೋಬರ್ಟ್ ಗಾಜಿನಾಚೆ ಟೋಪಿ ತೆಗೆದು ನಿಂತಿದ್ರು. ಸದ್ದು ನಿಂತಾಗೆಲ್ಲ ತುಟಿ ಆಡಿಸ್ತಿದ್ರು. ಶಾಪ ಹಾಕ್ತಿದ್ರೋ ಏನೋ."

"ಶಾಪವಂತೆ! ಏಳು, ಕಾರು ಹತ್ತು."

ಗುಡ್ಡದ ಮೇಲೆ, ಹೋಬರ್ಟರ ಮನೆಯ ಕೊಟ್ಟಿಗೆಯಿಂದ ಹಾಡು ಕೇಳಿಬರುತ್ತಿತ್ತು. ಮಗಳು ಬಿಟ್ಟುಹೋದ ಹಳೆಯ ರೆಕಾರ್ಡ್ ಪ್ಲೇಯರಿನ ಮುಂದೆ ಹೋಬರ್ಟ್ ನಿಂತಿದ್ದರು. ಹಾಡು ಮೌನವಾಯಿತು. ಮುದುಕರು ಮುಂದಿನ ಸಾಲನ್ನು ಗಂಭೀರವಾಗಿ ಕೂಗಿ ಹೇಳಿದರು. ಅದೇ ಸಾಲನ್ನು ಮಗಳ ಕಂಠ ಎಳೆದೆಳೆದು ಹಾಡಿತು. 

"ನೋಡ್ದಾ?" ಸ್ಲೋನ್ ಪಿಸುಗುಟ್ಟಿದ. "ಅವರ ಚರ್ಚಲ್ಲಿ ವಾದ್ಯ ಇಲ್ಲ. ಹಿರಿಯರು ಒಂದು ಸಾಲು ಹೇಳ್ತಾರೆ, ಆಮೇಲೆ ಸಭೆ ಅದನ್ನ ಹಾಡುತ್ತೆ. ನೀನು ಕೆಟ್ಟಿದೆ ಅಂದ್ಯಲ್ಲ, ಅದು ಅಪ್ಪನಿಗೆ ಅಂತ ಅವಳು ಬಿಟ್ಟ ಜಾಗ. ಕ್ರ್ಯಾಂಡಲಿಗೆ ಅದು ಬರೀ ಮೌನ. ಇವರಿಗೆ ಕರೆ. ಕದ್ದೋರು ಇವರೇ."

ಹೋಬರ್ಟ್ ತಿರುಗಿದರು. ಕಣ್ಣೀರು ಒರೆಸಿಕೊಳ್ಳಲಿಲ್ಲ.

"ಹೌದಪ್ಪ, ಕದ್ದೆ. ಯಾವ ಮುಖ ಇಟ್ಕೊಂಡು ಕೇಳ್ಲಿ? ನಾನು ಅವಳಿಗೆ ಮನೇಲಿ ಜಾಗ ಕೊಡ್ಲಿಲ್ಲ. ಅವಳು ಹಾಡಲ್ಲಿ ನನ್ನ ಜಾಗ ಹಾಗೇ ಇಟ್ಟಿದಾಳೆ."

ವೆಂಡೆಲ್ ಬೈಯಲೆಂದೇ ಬಂದಿದ್ದ. ಆದರೆ ರೆಕಾರ್ಡನ್ನು ಮೆಲ್ಲನೆ ಎತ್ತಿಕೊಂಡ. ಆಮೇಲೆ, "ಬನ್ನಿ, ಬ್ರದರ್. ಮೈಕು ಕಾಯ್ತಿದೆ," ಎಂದ.

ಮಧ್ಯಾಹ್ನ ಓಮಾ ಜೀನಳಿಗೆ ಫೋನು ಮಾಡಿ, ರಿಸೀವರನ್ನು ಮೈಕಿನ ಪಕ್ಕದಲ್ಲಿಟ್ಟು, ವೆಂಡೆಲ್ ರೆಕಾರ್ಡು ಹಚ್ಚಿದ. ಮೊದಲ ಮೌನ ಬಂತು. ಹೋಬರ್ಟ್ ಸಾಲು ಹೇಳಿದರು. ಕಿಟಕಿಯಾಚೆ ಕಲ್ಲಿದ್ದಲ ಲಾರಿಗಳು ಒಂದೊಂದಾಗಿ ನಿಂತವು. ಚಾಲಕರು ರೇಡಿಯೋ ದನಿ ಏರಿಸಿ, ಟೋಪಿ ತೆಗೆದರು. ಇಡೀ ಕಣಿವೆ ಕೇಳುತ್ತಿತ್ತು.

ಎರಡನೆಯ ಸಾಲು ಹೇಳಿದ ಮೇಲೆ ಹೋಬರ್ಟರ ದನಿ ನಡುಗಿ ನಿಂತೇಹೋಯಿತು. ಮುಂದಿನ ಮೌನ ಖಾಲಿಯಾಗಿ ಉಳಿಯಿತು.

ಆಗ ರಿಸೀವರಿನಿಂದ ಸಣ್ಣ ದನಿ ಬಂತು: "ಹೇಳು ಅಪ್ಪಾ. ನಾನಿಲ್ಲೇ ಇದೀನಿ."