ಸಾಬವ್ವನ ಸೈಕಲ್ಲಿನ ಸೀಟು

ಸೈಕಲ್ ಕೀಲಿಯಿಂದ ಕಿವಿ ಕೆರೆದುಕೊಂಡು, ಅದೇ ಕೀಲಿಯನ್ನು ಮೂಸಿ ನೋಡುವ ಗಂಡಸನ್ನು ಮದುವೆಯಾಗು ಅಂದರೆ ಯಾವ ಹೆಣ್ಣಿಗೆ ಹೇಸಿಗೆಯಾಗುವುದಿಲ್ಲ? ಸಾಬವ್ವನಿಗಂತೂ ವಾಕರಿಕೆಯೇ ಬಂದಿತ್ತು. ತಳೇಗಾಂವದ ಮುರುಗೆಪ್ಪ ಹೆಣ್ಣು ನೋಡಲು ಬಂದವನು, ಹೆಣ್ಣಿಗಿಂತ ಹೆಚ್ಚಾಗಿ ಅವಳ ಸೈಕಲ್ಲನ್ನೇ ನೋಡಿದ. ಬಲ್ಬಿನ ಫ್ಯಾಕ್ಟರಿಯ ಪಗಾರದಲ್ಲಿ ಅವಳು ಕೊಂಡ ಸೈಕಲ್ಲು. ಹತ್ತಿ ಕೂತರೆ ಆ ಗಿಡ್ಡನ ಕಾಲು ಪೆಡಲಿಗೇ ಎಟುಕಲಿಲ್ಲ.

"ಸೀಟು ಇಳಿಸಿ ಇಡ್ರಿ. ಐತವಾರ ಬಂದು ಮಾತು ಮುಗಸ್ತೀನಿ," ಎಂದವನು ಬಾಗಿಲಲ್ಲೇ ತಂಬಾಕು ಉಗುಳಿ ಹೋದ. ಅವಳ ಅಣ್ಣ ಭೀಮಣ್ಣ ಆಗಲಿ ಅಂದುಬಿಟ್ಟ.

ಶನಿವಾರ ಅವಳು ಸೈಕಲ್ ತಳ್ಳಿಕೊಂಡು ನಿಗಡಿಯ ಚೌಕದಲ್ಲಿದ್ದ ಕಾಶಪ್ಪನ ಸೈಕಲ್ ರಿಪೇರಿ ಅಂಗಡಿಗೆ ಬಂದಳು. ಮೂರು ವರ್ಷದಿಂದ ತುಂಬಿದ ಟೈರಿಗೇ ಗಾಳಿ ಹಾಕಿಸಲು ಬರುತ್ತಿದ್ದಳು. ಅವನೂ ತುಂಬಿದ ಟೈರಿಗೇ ಪಂಪು ಹೊಡೆಯುತ್ತಿದ್ದ. ಕಣ್ಣು ಟೈರಿನ ಮೇಲೆ ಇರುತ್ತಿರಲಿಲ್ಲ, ಬಾಯಿಗೆ ಮಾತ್ರ ಬೀಗ. ಇವತ್ತೂ ಇವನು ಬಾಯಿ ಬಿಡದಿದ್ದರೆ ನಾಳೆ ತನ್ನ ಕತೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

ಸೀಟು ಇಳಿಸಬೇಕು ಅಂದಾಗ ಕಾಶಪ್ಪ ಕೇಳಿದ, "ಯಾರ ಸಲುವಾಗಿ ಇಳಸೂದ್ರಿ?"

"ಮುರುಗೆಪ್ಪನ ಸಲುವಾಗಿ. ನಾಳೆ ನನ್ನೂ ಕೇಳಾಕ ಬರತಾನ."

"ಹೌದ್ರೇನ್," ಎಂದು ಅವನು ಸ್ಪ್ಯಾನರ್ ಹುಡುಕತೊಡಗಿದ.

ಹೌದ್ರೇನ್ ಅಂತೆ! ಕಿವಿ ಕೆರೆಯುವವನು ಒಬ್ಬ, ಈ ಮೂಗಬಸವ ಇನ್ನೊಬ್ಬ. ಅವಳಿಗೆ ಇಡೀ ಗಂಡಸರ ಕುಲದ ಮೇಲೇ ಹೇಸಿಗೆ ಹುಟ್ಟಿತು.

ಸೀಟಿನ ಪೈಪು ಫ್ರೇಮಿನೊಳಗೆ ಕಚ್ಚಿ ಕೂತಿತ್ತು. ಸೀಮೆಎಣ್ಣೆ ಕುಡಿಸಿದ್ದಾಯಿತು, ಸುತ್ತಿಗೆಯಿಂದ ಬಡಿದದ್ದಾಯಿತು. ಕೊನೆಗೆ ಕಾಶಪ್ಪ ಸೀಟು ಕಳಚಿ, ಸೈಕಲ್ಲನ್ನು ತಲೆಕೆಳಗು ಮಾಡಿ, ಪೈಪನ್ನು ಮೇಜಿಗೆ ಜೋಡಿಸಿದ್ದ ವೈಸಿನ ದವಡೆಯಲ್ಲಿ ಬಿಗಿದ.

"ಆ ಕಡಿಂದ ಹಿಡೀರಿ. ಫ್ರೇಮನ್ನ ತಿರುವೂಣು."

ಇಬ್ಬರೂ ಎದುರುಬದುರು ನಿಂತು ತಿರುವಿದರು. ಅವನ ಅಂಗಿಯ ಬೆವರು, ಸೀಮೆಎಣ್ಣೆ, ಹಳೇ ಗ್ರೀಸು, ಎಲ್ಲವೂ ಅವಳ ಮೂಗಿಗೆ ಹೊಡೆಯಿತು. ನಾಲ್ಕನೇ ಸಲಕ್ಕೆ ಫ್ರೇಮು ಕಿರ್ರೆಂದು ಕಿರುಚಿ ಕಿತ್ತು ಬಂತು. ಅದರ ಹಿಂದೆಯೇ ಕರೀ ಲೋಳೆ ಗಳಗಳ ಸುರಿದು ಅವಳ ಸೀರೆಯ ನೆರಿಗೆ, ಅವನ ಮುಖ ಎರಡನ್ನೂ ತೋಯಿಸಿತು. ಸತ್ತ ಹೆಗ್ಗಣದ ಪಕ್ಕ ಕೊಳೆತ ಕೊಬ್ಬರಿ ಇಟ್ಟಂಥ ನಾತ.

"ಥೂ ಥೂ! ಇದೇನ್ ಹೊಲಸ್ರಿ? ಸೈಕಲ್ಲಿನ ಹೊಟ್ಯಾಗ ಕೊಳೆತ ಕಾಯಿ ನಾತ ಎಲ್ಲಿಂದ ಬಂತು?"

ಕಾಶಪ್ಪ ಮುಖ ಒರೆಸಿಕೊಳ್ಳುವುದನ್ನೂ ಮರೆತ. "ತಪ್ಪು ನಂದ ಅದ್ರಿ."

"ಏನ್ ತಪ್ಪು?"

"ದಸರಾದ ಖಂಡೇಪೂಜಿಗೆ ಸೈಕಲ್ ತೊಳಿಯಾಕ ಬಿಟ್ಟು ಹೋಗ್ತಿದ್ರಲ್ಲ. ಎಲ್ಲಾ ಸೈಕಲ್ಲಿಗೂ ಕೂಡಿ ಒಂದ ಕಾಯಿ ಒಡೀತಿದ್ದೆ. ನಿಮ್ಮದಕ್ಕ ಬ್ಯಾರೆ ಒಂದು. ಮ್ಯಾಲೆ ಸುರಿದರ ನಿಮ್ಮ ಸೀರಿಗೆ ಅಂಟತದಂತ, ಸೀಟು ತಗದು ಪೈಪಿನಾಗ ಕಾಯಿನೀರು ಸುರೀತಿದ್ದೆ. ಮೂರು ವರ್ಷ ಆತು. ತುಕ್ಕು ಹಿಡದದ."

"ನನ್ನದಕ್ಕ ಬ್ಯಾರೆ ಯಾಕ?"

"ಹೈವೇದಾಗ ಟ್ರಕ್ಕಿನ ನಡುವ ಹೋಗ್ತೀರಿ. ನಿಮಗೇನೂ ಆಗಬಾರದಂತ."

ಸಾಬವ್ವನಿಗೆ ಅಳು, ನಗು, ವಾಕರಿಕೆ ಮೂರೂ ಒಟ್ಟಿಗೆ ಬಂದವು.

"ದೇವರ ಮುಂದ ಹೇಳಿದ್ದನ್ನ ನನ್ನ ಮುಂದ ಹೇಳಾಕ ಏನ್ ಧಾಡಿ ನಿಮಗ?"

"ಧೈರ್ಯ ಸಾಲಲಿಲ್ರಿ."

"ಈಗ ಹೇಳ್ರಿ. ನಾಳೆ ಹೇಳಿದರ ಕೇಳಾಕ ನಾ ಇರಂಗಿಲ್ಲ."

ಅವನ ಗದ್ದದಿಂದ ಲೋಳೆ ತೊಟ್ಟಿಕ್ಕುತ್ತಿತ್ತು. "ತಳೇಗಾಂವಕ್ಕ ಹೋಗಬ್ಯಾಡ್ರಿ ಸಾಬವ್ವಾರ. ನನ್ನ ಲಗ್ನ ಆಗ್ರಿ."

ಕೇಳಬೇಕೆಂದಿದ್ದ ಮಾತು ಇಂಥ ನಾತದಲ್ಲಿ ಬಂದೀತೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಎದೆ ಮಾತ್ರ ಹೂವಾಯಿತು.

"ಸೀಟು ಒಂದ ಬೆರಳೂ ಇಳಸಬ್ಯಾಡ್ರಿ," ಎಂದಳು. "ಈಗ ನಡೀರಿ, ಅಣ್ಣ ಮನ್ಯಾಗ ಅದಾನ."

ಕಾಶಪ್ಪ ಖುಷಿಗೆ ಅವಳ ಕೈ ಹಿಡಿಯಲು ಬಂದ.

"ಮುಟ್ಟಬ್ಯಾಡ್ರಿ! ಹೊಲಸು ನಾರತೀರಿ. ಮೊದಲ ಕೈ ತೊಳ್ಕೊಳ್ರಿ."

ಅವನು ನಾಚಿ ಬಕೆಟ್ಟಿನ ಮುಂದೆ ಕೂತ. ಎಷ್ಟು ತಿಕ್ಕಿದರೂ ಕರೀ ಬಣ್ಣ ಹೋಗಲಿಲ್ಲ. ಸಾಬವ್ವ ಮೂಗಿಗೆ ಸೆರಗು ಕಟ್ಟಿಕೊಂಡು, ಸೋಪು ಕಸಿದುಕೊಂಡು, ಅವನ ಬೆರಳುಗಳನ್ನು ಒಂದೊಂದಾಗಿ ತಾನೇ ತಿಕ್ಕತೊಡಗಿದಳು. ಸೋಪು ಸವೆದರೂ ನಾತ ಬಿಡಲಿಲ್ಲ. ಅವಳು ಕೈಯನ್ನೂ ಬಿಡಲಿಲ್ಲ.